ಮರದ ಅಂತರ, ಮಾತಿನ ಅಂತರ: ದ್ರಾವಿಡ ಉಪವರ್ಗೀಕರಣದಲ್ಲಿ ಅಲ್ಟ್ರಾಮೆಟ್ರಿಕ್ ಪೂರ್ವಕಲ್ಪನೆಯ ವಿಮರ್ಶೆ

ಸಾರಾಂಶ

ಜ್ಞಾತಿಪದಗಳ ಶೇಕಡಾವಾರನ್ನು ಭಾಷೆಗಳ ನಡುವಣ ಅಂತರವೆಂದು ಭಾವಿಸಿ, ಅದರಿಂದ ವಂಶವೃಕ್ಷವನ್ನೂ ಕವಲೊಡೆದ ಕಾಲವನ್ನೂ ನಿರ್ಣಯಿಸುವ ಪದ್ಧತಿಯು ದ್ರಾವಿಡ ಭಾಷಾಧ್ಯಯನದಲ್ಲಿ ಆರು ದಶಕಗಳಿಂದ ಬಳಕೆಯಲ್ಲಿದೆ. ಈ ಪದ್ಧತಿಯ ತಳದಲ್ಲಿರುವ ಗಣಿತರಚನೆಗೆ ಅಲ್ಟ್ರಾಮೆಟ್ರಿಕ್ ಅವಕಾಶವೆಂದು ಹೆಸರು. ಈ ರಚನೆ ಯಾವ ಅಂತರಗಳನ್ನು ಸಾಧ್ಯವಾಗಿಸುತ್ತದೆ, ಯಾವುದನ್ನು ನಿಷೇಧಿಸುತ್ತದೆ, ಯಾವುದರ ಬಗ್ಗೆ ಮೌನವಾಗಿರುತ್ತದೆ ಎಂಬುದನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ. ಅಂತರಗಳ ಜೋಡಣೆಯನ್ನು ಅದು ಬಿಗಿಯಾಗಿ ಕಟ್ಟಿಹಾಕುತ್ತದೆಯಾದರೂ ಅಂತರಗಳ ಮೌಲ್ಯವನ್ನು ಕುರಿತು ಏನನ್ನೂ ಹೇಳುವುದಿಲ್ಲ. ಆದ್ದರಿಂದ ಮರದ ಆಕೃತಿಯು ವರ್ಷಗಳಿಗೆ ಸಾಕ್ಷಿಯಾಗಲಾರದು ಎಂಬುದು ಇಲ್ಲಿಯ ವಾದ.

ಪ್ರಮುಖ ಪದಗಳು: ಅಲ್ಟ್ರಾಮೆಟ್ರಿಕ್ ಅವಕಾಶ, ಸಂಪೂರ್ಣತೆ, ಜ್ಞಾತಿಪದ, ಉಪವರ್ಗೀಕರಣ, ಮೂಲದ್ರಾವಿಡ, ಭಾಷಾಕಾಲಮಾಪನ

1. ಪ್ರಸ್ತಾವನೆ

ಎರಡು ಭಾಷೆಗಳು ಎಷ್ಟು ದೂರ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸರಳ. ಮೂಲಭೂತ ಪದಗಳ ಪಟ್ಟಿಯೊಂದನ್ನು ಎದುರಿಗಿಟ್ಟುಕೊಂಡು ಎಷ್ಟು ಪದಗಳು ಒಂದೇ ಮೂಲದಿಂದ ಬಂದಿವೆ ಎಂದು ಎಣಿಸಿದರೆ ಒಂದು ಸಂಖ್ಯೆ ದೊರೆಯುತ್ತದೆ. ಮೋರಿಸ್ ಸ್ವಾದೇಶ್ 1952 ಮತ್ತು 1955ರಲ್ಲಿ ಪ್ರಕಟಿಸಿದ ಲೇಖನಗಳು ಈ ಎಣಿಕೆಗೆ ಕಾಲದ ಅರ್ಥವನ್ನು ಕೊಟ್ಟವು. ನೂರು ಪದಗಳ ಪಟ್ಟಿಯಲ್ಲಿ ಸಾವಿರ ವರ್ಷಕ್ಕೆ ಸುಮಾರು ಶೇಕಡಾ 86ರಷ್ಟು ಪದಗಳು ಉಳಿದುಕೊಳ್ಳುತ್ತವೆ ಎಂದು ಹಿಡಿದರೆ, ಈಗ ಉಳಿದಿರುವ ಸಮಾನಪದಗಳಿಂದ ಬೇರ್ಪಟ್ಟ ಕಾಲವನ್ನು ಲೆಕ್ಕಹಾಕಬಹುದು. ದ್ರಾವಿಡ ಭಾಷೆಗಳಿಗೆ ಈ ಕ್ರಮವನ್ನು ಎಂ. ಎಸ್. ಆಂದ್ರೊನೊವ್ 1964ರಲ್ಲಿಯೇ ಅನ್ವಯಿಸಿದರು. ವಿಷ್ಣುಪ್ರಿಯಾ ಕೋಲಿಪಾಕಂ ಮತ್ತು ಸಹಲೇಖಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವು ಇಪ್ಪತ್ತು ದ್ರಾವಿಡ ಭಾಷಾಪ್ರಭೇದಗಳ ಪದಗಳನ್ನು ಬೇಯ್ಸ್ ಸಂಭಾವ್ಯತಾ ವಿಧಾನದಿಂದ ಪರಿಶೀಲಿಸಿ, ಕುಟುಂಬದ ವಯಸ್ಸನ್ನು ಸುಮಾರು 4500 ವರ್ಷಗಳೆಂದು ಅಂದಾಜಿಸಿತು.

ಇಂಥ ಸಂಖ್ಯೆಗಳು ವಿದ್ವತ್ಪತ್ರಿಕೆಗಳಲ್ಲಿ ಉಳಿಯುವುದಿಲ್ಲ. ತಮಿಳಿಗೆ 2004ರಲ್ಲಿ, ಕನ್ನಡ ಮತ್ತು ತೆಲುಗುಗಳಿಗೆ 2008ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನಮಾನ ದೊರೆತ ಸಂದರ್ಭದ ಚರ್ಚೆಗಳಲ್ಲಿ ಪಠ್ಯದ ಪ್ರಾಚೀನತೆ, ಭಾಷೆಯ ಪ್ರಾಚೀನತೆ, ಕವಲಿನ ಪ್ರಾಚೀನತೆ ಎಂಬ ಮೂರು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಬೆರೆತುಹೋದುದನ್ನು ಕಂಡಿದ್ದೇವೆ. ಆದ್ದರಿಂದ ವಂಶವೃಕ್ಷದ ಅಂತರವು ಯಾವ ಬಗೆಯ ಅಂತರ ಎಂಬುದನ್ನು ತಿಳಿಯುವುದು ಗಣಿತಜ್ಞರ ಹೊಣೆ ಮಾತ್ರವಲ್ಲ. ಅದು ಭಾಷಾವಿಜ್ಞಾನಿಯ ಹೊಣೆಯೂ ಹೌದು.

2. ಪ್ರಬಲ ತ್ರಿಕೋನ ನಿಯಮ

ಸಾಮಾನ್ಯ ಅಂತರಕ್ಕೆ ತ್ರಿಕೋನ ನಿಯಮವೊಂದಿದೆ: ಅ ಎಂಬಲ್ಲಿಂದ ಇ ಎಂಬಲ್ಲಿಗೆ ನೇರ ಹಾದಿಯು ಉ ಎಂಬುದನ್ನು ಬಳಸಿಕೊಂಡು ಹೋಗುವ ಹಾದಿಗಿಂತ ಉದ್ದವಾಗಿರುವುದಿಲ್ಲ. ಅಲ್ಟ್ರಾಮೆಟ್ರಿಕ್ ಅಂತರಕ್ಕೆ ಇದಕ್ಕಿಂತ ಕಟುವಾದ ನಿಯಮವಿದೆ. ಅಲ್ಲಿ ನೇರ ಅಂತರವು ಬಳಸುಹಾದಿಯ ಎರಡು ಭಾಗಗಳಲ್ಲಿ ದೊಡ್ಡದಾದುದನ್ನು ಮೀರಕೂಡದು. ಈ ಹೆಸರನ್ನು ಮಾರ್ಕ್ ಕ್ರಾಸ್ನರ್ 1944ರಲ್ಲಿ ಬಳಕೆಗೆ ತಂದರು. ನಿಯಮದ ಫಲವೆಂದರೆ ಅಲ್ಲಿಯ ಪ್ರತಿಯೊಂದು ತ್ರಿಕೋನವೂ ಸಮದ್ವಿಬಾಹು; ಅತಿ ಉದ್ದದ ಎರಡು ಬಾಹುಗಳು ಸದಾ ಸಮ.

ವಂಶವೃಕ್ಷದಲ್ಲಿ ಈ ನಿಯಮ ಸಹಜವಾಗಿ ಕಾಣುತ್ತದೆ. ಕನ್ನಡ, ತಮಿಳು, ತೆಲುಗುಗಳನ್ನು ತೆಗೆದುಕೊಳ್ಳೋಣ. ಭದ್ರಿರಾಜು ಕೃಷ್ಣಮೂರ್ತಿಯವರು 2003ರ ತಮ್ಮ ಗ್ರಂಥದಲ್ಲಿ ಕೊಟ್ಟಿರುವ ನಾಲ್ಕು ಶಾಖೆಗಳ ವರ್ಗೀಕರಣದಂತೆ ಕನ್ನಡ ಮತ್ತು ತಮಿಳು ದಕ್ಷಿಣ ದ್ರಾವಿಡಕ್ಕೆ ಸೇರಿದರೆ ತೆಲುಗು ದಕ್ಷಿಣ ಮಧ್ಯ ಶಾಖೆಗೆ ಸೇರುತ್ತದೆ. ಕನ್ನಡ ಮತ್ತು ತಮಿಳುಗಳು ಇನ್ನೂ ಒಂದಾಗಿದ್ದಾಗಲೇ ತೆಲುಗಿನ ಪೂರ್ವರೂಪ ಬೇರೆಯಾಗಿತ್ತು. ಹಾಗಾಗಿ ಬೇರ್ಪಟ್ಟ ಕಾಲವನ್ನೇ ಅಂತರವೆಂದರೆ, ತೆಲುಗಿನಿಂದ ಕನ್ನಡಕ್ಕೂ ತಮಿಳಿಗೂ ಇರುವ ಅಂತರ ಒಂದೇ. ತುಳು, ಕೊಡವ, ತೊದ, ಕೋತ, ಬಡಗ ಯಾವುದನ್ನು ಇಟ್ಟು ನೋಡಿದರೂ ತೆಲುಗಿನಿಂದ ಅದೇ ಅಂತರ.

ಇದರಿಂದ ಹೊರಡುವ ಇನ್ನೊಂದು ಗುಣವು ಸಾರ್ವಜನಿಕ ಚರ್ಚೆಗೆ ನೇರವಾಗಿ ಸಂಬಂಧಿಸಿದ್ದು. ಅಲ್ಟ್ರಾಮೆಟ್ರಿಕ್ ಅವಕಾಶದಲ್ಲಿ ಒಂದು ಗೋಳದೊಳಗಿನ ಪ್ರತಿಯೊಂದು ಬಿಂದುವೂ ಆ ಗೋಳದ ಕೇಂದ್ರವೇ. ದಕ್ಷಿಣ ದ್ರಾವಿಡವೆಂಬ ಗೋಳಕ್ಕೆ ತಮಿಳು ಎಷ್ಟು ಕೇಂದ್ರವೋ ಕನ್ನಡವೂ ಅಷ್ಟೇ, ಹೆಚ್ಚು ಬರವಣಿಗೆಯಿಲ್ಲದ ತೊದವೂ ಅಷ್ಟೇ. ಕಾಲದ ಮರದಲ್ಲಿ ಇಂದು ಬದುಕಿರುವ ಯಾವ ಭಾಷೆಯೂ ಬೇರಿಗೆ ಇನ್ನೊಂದಕ್ಕಿಂತ ಹತ್ತಿರವಲ್ಲ. ಕ್ರಿ. ಶ. ಸುಮಾರು 450ರ ಹಲ್ಮಿಡಿ ಶಾಸನವಾಗಲಿ, ಅದಕ್ಕಿಂತ ಹಳೆಯ ತಮಿಳು ಬ್ರಾಹ್ಮಿ ಬರಹಗಳಾಗಲಿ ದಾಖಲಾದ ಕಾಲಕ್ಕೆ ಸಾಕ್ಷಿಗಳೇ ಹೊರತು ಹುಟ್ಟಿದ ಕಾಲಕ್ಕಲ್ಲ. ಮರದ ಚಿತ್ರವನ್ನು ಮುಂದಿಟ್ಟುಕೊಂಡು ತಾಯಿ ಯಾರು, ಮಗಳು ಯಾರು ಎಂದು ಬದುಕಿರುವ ಭಾಷೆಗಳ ನಡುವೆ ತೀರ್ಪು ಕೊಡುವವರು ಆ ಚಿತ್ರದ ಮೊದಲ ನಿಯಮವನ್ನೇ ಮರೆತಿರುತ್ತಾರೆ.

3. ಯಾವ ಅಂತರಗಳು ಸಾಧ್ಯ?

ಈ ನಿಯಮವು ಅಂತರಗಳ ಸಂಖ್ಯೆಯನ್ನು ಕಡಿತಗೊಳಿಸುತ್ತದೆ. ಇಪ್ಪತ್ತು ಭಾಷೆಗಳಿದ್ದರೆ 190 ಜೋಡಿಗಳಿರುತ್ತವೆ. ಸಾಮಾನ್ಯ ಕೋಷ್ಟಕದಲ್ಲಿ 190 ಬೇರೆ ಬೇರೆ ಸಂಖ್ಯೆಗಳು ಇರಬಹುದು. ಅಲ್ಟ್ರಾಮೆಟ್ರಿಕ್ ಕೋಷ್ಟಕದಲ್ಲಾದರೋ 19ಕ್ಕಿಂತ ಹೆಚ್ಚು ಭಿನ್ನ ಮೌಲ್ಯಗಳು ಅಸಾಧ್ಯ. ಏಕೆಂದರೆ ಇಪ್ಪತ್ತು ಎಲೆಗಳನ್ನು ಒಂದು ಬೇರಿಗೆ ಕೂಡಿಸಲು ಗರಿಷ್ಠ 19 ಗಂಟುಗಳು ಸಾಕು, ಪ್ರತಿ ಗಂಟಿಗೂ ಒಂದೇ ಎತ್ತರ. ಹತ್ತರಲ್ಲೊಂದು ಪಾಲು ಮಾತ್ರ ಉಳಿಯುತ್ತದೆ ಎಂದಾಯಿತು. ಸೋಕಲ್ ಮತ್ತು ಮಿಚೆನರ್ 1958ರಲ್ಲಿ ರೂಪಿಸಿದಂಥ ಸರಾಸರಿ ಗುಂಪುಗಾರಿಕೆಯ ವಿಧಾನವು ಯಾವ ಕೋಷ್ಟಕವನ್ನು ಕೊಟ್ಟರೂ ಹೀಗೆ ಕಡಿತಗೊಂಡ ಮರವನ್ನೇ ಹೊರಗೆ ಹಾಕುತ್ತದೆ. ಮರ ಬಂದಿತು ಎಂಬುದು ದತ್ತಾಂಶದಲ್ಲಿ ಮರವಿತ್ತು ಎಂಬುದಕ್ಕೆ ಆಧಾರವಲ್ಲ.

ಸಂಖ್ಯೆಯಲ್ಲಿ ಇಷ್ಟು ಬಿಗಿಯಾದ ರಚನೆಯು ಮೌಲ್ಯಗಳ ವಿಷಯದಲ್ಲಿ ಪೂರ್ತಿ ಉದಾರಿ. ಸೊನ್ನೆಯನ್ನೊಳಗೊಂಡ ಯಾವುದೇ ಅಋಣ ಸಂಖ್ಯೆಗಳ ಗಣವನ್ನು ತೆಗೆದುಕೊಳ್ಳಿ. ಬೇರೆ ಬೇರೆಯಾದ ಎರಡು ಸಂಖ್ಯೆಗಳ ನಡುವಣ ಅಂತರವೆಂದರೆ ಅವುಗಳಲ್ಲಿ ದೊಡ್ಡದು ಎಂದು ವಿಧಿಸಿ. ಪ್ರಬಲ ತ್ರಿಕೋನ ನಿಯಮ ಪಾಲನೆಯಾಗುತ್ತದೆ. ಗಣದ ಪ್ರತಿಯೊಂದು ಸಂಖ್ಯೆಯೂ ಸೊನ್ನೆಯಿಂದ ಅಷ್ಟೇ ದೂರದಲ್ಲಿರುವುದರಿಂದ ಗಣದ ಎಲ್ಲ ಸಂಖ್ಯೆಗಳೂ ಅಂತರಗಳಾಗಿ ದೊರೆಯುತ್ತವೆ. ಅದು ಸಂಪೂರ್ಣವೂ ಹೌದು: ಪರಸ್ಪರ ಒತ್ತೊತ್ತಾಗುತ್ತ ಹೋಗುವ ಬಿಂದುಗಳ ಸಾಲು ಒಂದು ಹಂತದ ನಂತರ ಕದಲದೆ ನಿಲ್ಲುತ್ತದೆ, ಇಲ್ಲವೇ ಸೊನ್ನೆಯನ್ನು ಸೇರುತ್ತದೆ. ಅಂದರೆ ಸಂಪೂರ್ಣ ಅಲ್ಟ್ರಾಮೆಟ್ರಿಕ್ ಅವಕಾಶವು ಇಂಥ ಅಂತರಗಳು ಮಾತ್ರ ಸಾಧ್ಯ ಎಂಬ ಯಾವ ನಿರ್ಬಂಧವನ್ನೂ ಒಡ್ಡುವುದಿಲ್ಲ.

ಇದರ ಭಾಷಾವೈಜ್ಞಾನಿಕ ಅನುವಾದ ಹೀಗೆ. ಅಲ್ಟ್ರಾಮೆಟ್ರಿಕ್ ಕೋಷ್ಟಕದ ಮೌಲ್ಯಗಳನ್ನು ಹಿಗ್ಗಿಸಿ, ಕುಗ್ಗಿಸಿ, ಹಿರಿದು ಹಿರಿದಾಗಿ, ಕಿರಿದು ಕಿರಿದಾಗಿ ಉಳಿಯುವಂತೆ ಹೇಗೆ ಬದಲಿಸಿದರೂ ಅದು ಅಲ್ಟ್ರಾಮೆಟ್ರಿಕ್ ಆಗಿಯೇ ಉಳಿಯುತ್ತದೆ. ಸ್ವಾದೇಶರ ಸೂತ್ರವು ಮಾಡುವುದೂ ಇದನ್ನೇ: ಸಮಾನಪದಗಳ ಪ್ರಮಾಣದ ಲಘುಗಣಕವನ್ನು ಉಳಿಕೆಯ ದರದ ಲಘುಗಣಕದ ಇಮ್ಮಡಿಯಿಂದ ಭಾಗಿಸಿದರೆ ಸಹಸ್ರಮಾನಗಳು ಬರುತ್ತವೆ. ಎರಡು ಭಾಷೆಗಳ ನಡುವೆ ಶೇಕಡಾ 60 ಸಮಾನಪದಗಳಿದ್ದರೆ, ದರವನ್ನು 86 ಎಂದಿಟ್ಟುಕೊಂಡಾಗ ಸುಮಾರು 1700 ವರ್ಷಗಳು ದೊರೆಯುತ್ತವೆ. 81 ಎಂದಿಟ್ಟುಕೊಂಡಾಗ ಸುಮಾರು 1200. ಐದು ಶತಮಾನಗಳ ವ್ಯತ್ಯಾಸದಲ್ಲಿ ಮರದ ಒಂದು ಕೊಂಬೆಯೂ ಸ್ಥಳ ಬದಲಿಸುವುದಿಲ್ಲ. ಮರವು ಚೆನ್ನಾಗಿ ಹೊಂದಿಕೊಂಡಿತು ಎಂಬುದನ್ನು ಉಳಿಕೆಯ ದರಕ್ಕೆ ಸಮರ್ಥನೆಯಾಗಿ ಮುಂದಿಡುವ ವಾದ ಇಲ್ಲಿಗೇ ಬಿದ್ದುಹೋಗುತ್ತದೆ. ಇದರ ಮರುಮುಖವೂ ಅಷ್ಟೇ ಮುಖ್ಯ: ಶೇಕಡಾವಾರುಗಳೇ ಪ್ರಬಲ ನಿಯಮವನ್ನು ಮುರಿದಿದ್ದರೆ, ಎಲ್ಲ ಜೋಡಿಗಳಿಗೂ ಅನ್ವಯಿಸುವ ಯಾವ ದರವೂ ಅವುಗಳನ್ನು ಸರಿಪಡಿಸಲಾರದು.

4. ಸಂಪೂರ್ಣತೆ ಮತ್ತು ಮೂಲಭಾಷೆ

ಅಂತರಗಳಿಂದ ಮೂಲಭಾಷೆಯನ್ನು ತಲುಪಬಹುದೆಂಬ ನಿರೀಕ್ಷೆಯ ಹಿಂದೆ ಸಂಪೂರ್ಣತೆಯ ಅಸ್ಪಷ್ಟ ಕಲ್ಪನೆಯೊಂದಿದೆ. ಸಾಕಷ್ಟು ಭಾಷೆಗಳನ್ನೂ ಉಪಭಾಷೆಗಳನ್ನೂ ಸೇರಿಸುತ್ತ ಹೋದರೆ ನಡುವಣ ತೆರವುಗಳು ತುಂಬಿ, ಕಾಣದ ಪೂರ್ವಿಕ ರೂಪವು ಸೀಮಾಬಿಂದುವಾಗಿ ಕಾಣಿಸಿಕೊಳ್ಳುತ್ತದೆ ಎಂಬುದು ಆ ಕಲ್ಪನೆ. ಗಣಿತವು ಇದಕ್ಕೆ ಎರಡು ಉತ್ತರಗಳನ್ನು ಕೊಡುತ್ತದೆ.

ಮೊದಲನೆಯದು: ಭಾಷೆಗಳ ಯಾವ ಪರಿಮಿತ ಪಟ್ಟಿಯೂ ತಾನಾಗಿಯೇ ಸಂಪೂರ್ಣ, ಅಲ್ಲಿ ತುಂಬಬೇಕಾದ ತೆರವೇ ಇಲ್ಲ. ಭಾಷಾಪ್ರಭೇದಗಳ ಅಪರಿಮಿತ ಆದರ್ಶ ಅವಕಾಶವೊಂದನ್ನು ಊಹಿಸಿಕೊಂಡು ಅದನ್ನು ಸಂಪೂರ್ಣಗೊಳಿಸಿದರೂ ಫಲ ಹೆಚ್ಚಿಲ್ಲ. ಅಲ್ಟ್ರಾಮೆಟ್ರಿಕ್ ಅವಕಾಶವನ್ನು ಸಂಪೂರ್ಣಗೊಳಿಸುವಾಗ ಹೊಸ ಬಿಂದುಗಳು ಸೇರಬಹುದು, ಹೊಸ ಅಂತರಗಳು ಮಾತ್ರ ಸೇರುವುದಿಲ್ಲ. ಎರಡು ಸಾಲುಗಳು ಎರಡು ಭಿನ್ನ ಸೀಮೆಗಳತ್ತ ಸಾಗುತ್ತಿದ್ದರೆ, ಒಂದು ಹಂತದ ನಂತರ ಅವುಗಳ ಬಿಂದುಗಳ ನಡುವಣ ಅಂತರವು ಸೀಮೆಗಳ ನಡುವಣ ಅಂತರಕ್ಕೆ ಕರಾರುವಾಕ್ಕಾಗಿ ಸಮವಾಗಿಬಿಡುತ್ತದೆ. ಭಾಗಲಬ್ಧ ಸಂಖ್ಯೆಗಳನ್ನು ಸಾಮಾನ್ಯ ಅಂತರದಲ್ಲಿ ಪೂರ್ಣಗೊಳಿಸಿದಾಗ ಎರಡರ ವರ್ಗಮೂಲದಂಥ ಹೊಸ ಅಂತರಗಳು ಹುಟ್ಟುತ್ತವೆ; ಇಲ್ಲಿ ಹಾಗಾಗುವುದಿಲ್ಲ. ಆದ್ದರಿಂದ ಕೋಷ್ಟಕದಲ್ಲಿ ಈಗಾಗಲೇ ಇಲ್ಲದ ಕಾಲದ ಆಳವನ್ನು ಸೀಮಾಪ್ರಕ್ರಿಯೆಯಿಂದ ಪಡೆಯುವಂತಿಲ್ಲ.

ಎರಡನೆಯದು ಇನ್ನೂ ನೇರವಾದುದು. ಮೂಲಭಾಷೆಯನ್ನು ಅದೇ ಅವಕಾಶದ ಬಿಂದುವೆಂದು ಭಾವಿಸಿ, ಎರಡು ಮಗಳುಭಾಷೆಗಳಿಂದ ಅದು ಅರ್ಧರ್ಧ ದೂರದಲ್ಲಿದೆ ಎನ್ನೋಣ. ಮಗಳುಭಾಷೆಗಳ ನಡುವಣ ಅಂತರ ಎರಡು ಮಾನವಾದರೆ ಮೂಲದಿಂದ ಪ್ರತಿಯೊಂದಕ್ಕೂ ಒಂದು ಮಾನ. ಒಂದು, ಒಂದು, ಎರಡು ಎಂಬ ಈ ತ್ರಿಕೋನವು ಸಾಮಾನ್ಯ ನಿಯಮವನ್ನು ಪಾಲಿಸುತ್ತದೆಯಾದರೂ ಪ್ರಬಲ ನಿಯಮವನ್ನು ಮುರಿಯುತ್ತದೆ. ಅಲ್ಟ್ರಾಮೆಟ್ರಿಕ್ ಅವಕಾಶದಲ್ಲಿ ನಡುಬಿಂದು ಎಂಬುದೇ ಇಲ್ಲ. ಮೂಲದಕ್ಷಿಣದ್ರಾವಿಡವು ಅಲ್ಲಿ ಬಿಂದುವಲ್ಲ, ಗೋಳ; ಭಾಷೆಯಲ್ಲ, ಭಾಷೆಗಳ ವರ್ಗ. ಅದಕ್ಕೆ ಧ್ವನಿಗಳೂ ಪ್ರತ್ಯಯಗಳೂ ಇರುವುದು ತೌಲನಿಕ ವಿಧಾನದ ಪುನಾರಚನೆಯಿಂದ. ಅಂತರದ ಕೋಷ್ಟಕದಿಂದ ಆ ಶ್ರೀಮಂತಿಕೆಯ ಎಳೆಯೊಂದೂ ದೊರೆಯದು.

5. ಶೇಕಡಾವಾರು ಮುಚ್ಚಿಡುವುದು

ನಿಯಮ ಮುರಿದಾಗ ಏನು ತಿಳಿಯಬೇಕು? ಒಂದು ಕಾಲ್ಪನಿಕ ನಿದರ್ಶನ. ಅ, ಇ, ಉ ಎಂಬ ಮೂರು ಭಾಷೆಗಳು. ನೂರು ಪದಗಳ ಪಟ್ಟಿ. ಅ ಮತ್ತು ಇ ನಡುವೆ 70, ಅ ಮತ್ತು ಉ ನಡುವೆ 50, ಇ ಮತ್ತು ಉ ನಡುವೆ 60 ಸಮಾನಪದಗಳು. ಪ್ರಬಲ ನಿಯಮದಂತೆ ಕೊನೆಯ ಎರಡು ಸಮವಾಗಿರಬೇಕಿತ್ತು. ಹತ್ತು ಪದಗಳ ಈ ವ್ಯತ್ಯಾಸ ಆಕಸ್ಮಿಕವೇ, ಅರ್ಥಪೂರ್ಣವೇ?

ಕೋಷ್ಟಕ ಇದಕ್ಕೆ ಉತ್ತರಿಸಲಾರದು. ಮೂರಕ್ಕೂ ಸಮಾನವಾದ ಪದಗಳು 40, ಅ ಮತ್ತು ಉ ಮಾತ್ರ ಹಂಚಿಕೊಂಡವು 10, ಇ ಮತ್ತು ಉ ಮಾತ್ರ ಹಂಚಿಕೊಂಡವು 20 ಎಂದಿರಬಹುದು. ಆಗ ನಿರ್ಣಾಯಕವಾದ 30 ಪದಗಳು 10 ಮತ್ತು 20 ಎಂದು ಹಂಚಿಹೋಗಿವೆ; ಸಮ ಸಂಭಾವ್ಯತೆಯಲ್ಲಿ ಇಷ್ಟು ಏರುಪೇರು ಅಪರೂಪವೇನಲ್ಲ, ಎರಡು ಪ್ರಮಾಣವಿಚಲನೆಗಳ ಒಳಗೇ ಇದೆ. ಅಥವಾ ಮೂರಕ್ಕೂ ಸಮಾನವಾದವು 48, ಉಳಿದವು 2 ಮತ್ತು 12 ಎಂದಿರಬಹುದು. ಈಗ ನಿರ್ಣಾಯಕ ಪದಗಳು 14 ಮಾತ್ರ, ಏರುಪೇರು ಎರಡೂವರೆ ಪ್ರಮಾಣವಿಚಲನೆಗಳನ್ನು ಮೀರಿದೆ. ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ. ಎರಡೂ ಸಂದರ್ಭಗಳಲ್ಲಿ ಶೇಕಡಾವಾರು ಕೋಷ್ಟಕ ಮಾತ್ರ ಒಂದೇ. ಪದಪದದ ಜ್ಞಾತಿನಿರ್ಣಯವನ್ನು ಪ್ರಕಟಿಸದೆ ಶೇಕಡಾವಾರುಗಳನ್ನಷ್ಟೇ ಕೊಡುವ ಅಧ್ಯಯನವು ತನ್ನನ್ನು ಪರೀಕ್ಷಿಸುವ ದಾರಿಯನ್ನೇ ಮುಚ್ಚಿಬಿಡುತ್ತದೆ.

ಏರುಪೇರು ಅರ್ಥಪೂರ್ಣವೆಂದು ಕಂಡಾಗಲೂ ಕಾರಣಗಳು ಹಲವು. ಒಂದು ಭಾಷೆ ಬೇಗ ಬದಲಾಗಿರಬಹುದು. ಬೆರ್ಗ್‌ಸ್ಲಾಂಡ್ ಮತ್ತು ಫೋಗ್ಟ್ 1962ರಲ್ಲಿ ತೋರಿಸಿದಂತೆ ಐಸ್‌ಲ್ಯಾಂಡಿನ ಭಾಷೆಯು ಹಳೆಯ ನಾರ್ಸ್‌ನ ಮೂಲಭೂತ ಪದಗಳನ್ನು ನಾರ್ವೆಯ ಬರವಣಿಗೆಯ ಭಾಷೆಗಿಂತ ಬಹಳ ಹೆಚ್ಚಾಗಿ ಉಳಿಸಿಕೊಂಡಿದೆ. ಸಮಾನ ದರವೆಂಬುದು ಅಲ್ಲಿಯೇ ಅಲುಗಿತು. ದರಗಳು ಅಸಮವಾದರೆ ಮರ ಸುಳ್ಳಾಗುವುದಿಲ್ಲ, ಅಲ್ಟ್ರಾಮೆಟ್ರಿಕ್ ಗುಣ ಮಾತ್ರ ಹೋಗುತ್ತದೆ. ಆಗ ಅನ್ವಯಿಸುವುದು ಬುನೆಮನ್ 1970ರ ದಶಕದಲ್ಲಿ ವಿವರಿಸಿದ ನಾಲ್ಕು ಬಿಂದುಗಳ ನಿಯಮ: ನಾಲ್ಕು ಭಾಷೆಗಳನ್ನು ಜೋಡಿಜೋಡಿಯಾಗಿ ಕೂಡಿಸಿ ಪಡೆಯುವ ಮೂರು ಮೊತ್ತಗಳಲ್ಲಿ ದೊಡ್ಡವೆರಡು ಸಮವಾಗಿರಬೇಕು. ಅದೂ ಮುರಿದರೆ ಭಾಷಾಸಂಪರ್ಕದತ್ತ ನೋಡಬೇಕಾಗುತ್ತದೆ.

ದ್ರಾವಿಡದಲ್ಲಿ ಈ ಕೊನೆಯ ಕಾರಣ ಸಣ್ಣದಲ್ಲ. ಸ್ವಾದೇಶರ ನೂರು ಪದಗಳಲ್ಲಿ ಸೂರ್ಯವಾಚಕವೂ ಒಂದು. ಇಂದಿನ ಕನ್ನಡದಿಂದ 'ಸೂರ್ಯ' ಎಂದು ಬರೆದುಕೊಂಡರೆ ತಮಿಳಿನ 'ಞಾಯಿರು' ಜೊತೆಗಿನ ನಂಟು ಕಡಿದುಹೋಗುತ್ತದೆ. 'ನೇಸರು' ಎಂದು ಬರೆದುಕೊಂಡರೆ ಉಳಿಯುತ್ತದೆ. 'ಸೂರ್ಯುಡು' ಎನ್ನುವ ತೆಲುಗಿನೊಡನೆ ಸಂಸ್ಕೃತದ ಎರವಲನ್ನು ನಂಟೆಂದು ಎಣಿಸಿಬಿಟ್ಟರೆ ಇಲ್ಲದ ಸಾಮೀಪ್ಯ ಹುಟ್ಟುತ್ತದೆ. ಕನ್ನಡದ 'ಚುಕ್ಕಿ', ತೆಲುಗಿನ 'ಚುಕ್ಕ' ಎರಡಕ್ಕೂ ನಕ್ಷತ್ರವೆಂಬ ಅರ್ಥವಿದೆ. ಅದು ಆನುವಂಶಿಕವೋ ನೆರೆಹೊರೆಯ ಕೊಡುಕೊಳೆಯೋ ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಪದರೂಪಗಳ ಅಕ್ಷರವ್ಯತ್ಯಾಸವನ್ನೇ ಅಂತರವೆಂದು ಎಣಿಸುವ ವಿಧಾನದಲ್ಲಿ ತೊಡಕು ಬೇರೆ ಬಗೆಯದು. ಪಕಾರವು ಹಕಾರವಾದ ಒಂದೇ ಪರಿಣಾಮವು ತಮಿಳಿನ 'ಪಾಲ್', ತೆಲುಗಿನ 'ಪಾಲು' ಎದುರು ಕನ್ನಡದ 'ಹಾಲು' ಎಂಬಲ್ಲಿಯೂ, ಅಂಥ ಪ್ರತಿಯೊಂದು ಪದದಲ್ಲಿಯೂ ಮತ್ತೆ ಮತ್ತೆ ಎಣಿಕೆಯಾಗಿ, ಒಂದು ಘಟನೆಯು ಹತ್ತಾರು ಘಟನೆಗಳ ವೇಷ ತೊಡುತ್ತದೆ.

ಇದಕ್ಕೆ ಪ್ರತಿಯಾಗಿ ಹಂಚಿಕೊಂಡ ಧ್ವನಿಪರಿಣಾಮದ ಸಾಕ್ಷ್ಯವನ್ನು ನೋಡಬೇಕು. 'ಎರಡು' ಎಂಬುದಕ್ಕೆ ತಮಿಳಿನಲ್ಲಿ 'ಇರಂಡು', ತೆಲುಗಿನಲ್ಲಿ 'ರೆಂಡು'. ಎರಡನೆಯ ಅಕ್ಷರದ ರಕಾರವು ಪದಾದಿಗೆ ಜಾರಿದ ಈ ಬಗೆಯ ಪಲ್ಲಟವು ತೆಲುಗನ್ನು ಗೊಂಡಿ, ಕುಯಿ ಮೊದಲಾದ ಭಾಷೆಗಳೊಡನೆ ಕೂಡಿಸುವ ಲಕ್ಷಣಗಳಲ್ಲಿ ಒಂದು. ಕನ್ನಡದೊಡನೆ ತೆಲುಗಿನ ಶತಮಾನಗಳ ಒಡನಾಟ ಎಷ್ಟೇ ಗಾಢವಾಗಿರಲಿ, ಈ ಸಾಕ್ಷ್ಯ ಕದಲುವುದಿಲ್ಲ. ಕೃಷ್ಣಮೂರ್ತಿ, ಮೋಸೆಸ್ ಮತ್ತು ಡ್ಯಾನ್‌ಫೋರ್ತ್ 1983ರಲ್ಲಿ ಪ್ರಕಟಿಸಿದ ಲೇಖನವು ದಕ್ಷಿಣ ಮಧ್ಯ ಶಾಖೆಯ ಆರು ಭಾಷೆಗಳಲ್ಲಿ ಇದೇ ಪಲ್ಲಟಕ್ಕೆ ಒಳಗಾಗದೆ ಉಳಿದ ಜ್ಞಾತಿಪದಗಳನ್ನು ಉಪವರ್ಗೀಕರಣದ ಮಾನದಂಡವಾಗಿಸಿತು. ಆರು ಭಾಷೆಗಳಿಗೆ ಸಾಧ್ಯವಿರುವ ಇಕ್ಕವಲಿನ ಮರಗಳು 945. ಅವುಗಳ ನಡುವೆ ಆಯ್ಕೆ ಮಾಡಲು ಲೇಖಕರು ಅಂತರದ ಕೋಷ್ಟಕವನ್ನಲ್ಲ, ಪದಪದದ ವರ್ತನೆಯನ್ನು ನೆಚ್ಚಿದರು. ಸಂಖ್ಯಾಶಾಸ್ತ್ರ ಮತ್ತು ತೌಲನಿಕ ವಿಧಾನಗಳು ಪರಸ್ಪರ ವಿರೋಧಿಗಳಲ್ಲವೆಂಬುದಕ್ಕೆ ಆ ಲೇಖನ ಇಂದಿಗೂ ಒಳ್ಳೆಯ ನಿದರ್ಶನ.

6. ಕಾಲದ ಮರ, ಬದಲಾವಣೆಯ ಮರ

ಮೇಲಿನ ಆಕ್ಷೇಪಗಳು ಹಳೆಯ ಭಾಷಾಕಾಲಮಾಪನಕ್ಕೆ ಸಲ್ಲುತ್ತವೆಯೇ ಹೊರತು ಇಂದಿನ ವಿಧಾನಗಳಿಗಲ್ಲ ಎನ್ನಬಹುದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. 2018ರ ಅಧ್ಯಯನವು ಶೇಕಡಾವಾರುಗಳನ್ನಲ್ಲ, ಪದಪದದ ಜ್ಞಾತಿವರ್ಗಗಳನ್ನು ಬಳಸುತ್ತದೆ. ಕವಲಿನಿಂದ ಕವಲಿಗೆ ದರ ಬದಲಾಗಲು ಎಡೆಗೊಡುತ್ತದೆ. ಅಂದರೆ ಅಲ್ಲಿ ಒಂದೇ ಮರದ ಮೇಲೆ ಎರಡು ಅಂತರಗಳಿವೆ. ಕಾಲದ ಅಂತರ ಅಲ್ಟ್ರಾಮೆಟ್ರಿಕ್. ಎಲ್ಲ ಭಾಷೆಗಳೂ ಇಂದು ಜೀವಂತವಾಗಿರುವುದರಿಂದ ಅದು ಹಾಗೆಯೇ ಇರಬೇಕು. ಬದಲಾವಣೆಯ ಅಂತರ ಹಾಗಿರಬೇಕಿಲ್ಲ. ಹಳೆಯ ಪದ್ಧತಿ ಎರಡನ್ನೂ ಒಂದೆಂದು ಬಗೆದದ್ದೇ ಅದರ ಮೂಲ ದೋಷ.

ಆದರೆ ಇಲ್ಲಿಯೂ ಕಾಲದ ಮರದ ಅಲ್ಟ್ರಾಮೆಟ್ರಿಕ್ ಗುಣವು ದತ್ತಾಂಶದಿಂದ ಕಂಡುಕೊಂಡದ್ದಲ್ಲ, ಮಾದರಿಯಲ್ಲಿ ಮೊದಲೇ ಇಟ್ಟದ್ದು. ವರ್ಷಗಳು ಬರುವುದು ಹೊರಗಿನ ಕಾಲಸಾಕ್ಷ್ಯದಿಂದ, ಮೂರನೆಯ ಭಾಗದಲ್ಲಿ ಕಂಡಂತೆ ಬೇರೆಲ್ಲಿಂದಲೂ ಬರಲಾರವು. ಆ ಅಧ್ಯಯನವೇ ತನ್ನ ಮಿತಿಗಳನ್ನು ಮರೆಮಾಚಿಲ್ಲ: ನಾಲ್ಕು ಮುಖ್ಯ ಶಾಖೆಗಳು ದೊರೆತರೂ ಅವುಗಳ ಪರಸ್ಪರ ಸಂಬಂಧದಲ್ಲಿ ಗಣನೀಯ ಅನಿಶ್ಚಯವಿದೆ ಎಂದೂ, ಶಾಖೆಗಳೊಳಗಿನ ಜೋಡಣೆ ಹಿಂದಿನ ವರ್ಗೀಕರಣಗಳಿಂದ ಭಿನ್ನವಾಗಿದೆ ಎಂದೂ ಅದು ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ಉಲ್ಲೇಖಿಸುವವರು 4500 ಎಂಬ ಸಂಖ್ಯೆಯನ್ನು ಮಾತ್ರ ಎತ್ತಿಕೊಂಡು ಅನಿಶ್ಚಯವನ್ನು ಹಿಂದೆ ಬಿಟ್ಟರೆ, ಆ ಲೋಪ ಉಲ್ಲೇಖಿಸಿದವರದು.

7. ಸಮಾರೋಪ

ಅಲ್ಟ್ರಾಮೆಟ್ರಿಕ್ ರಚನೆಯನ್ನು ಕೈಬಿಡಬೇಕೆಂಬುದು ಈ ವಿಮರ್ಶೆಯ ಆಶಯವಲ್ಲ. ಗೋಳಗಳು ಒಂದರೊಳಗೊಂದಿರುತ್ತವೆ ಇಲ್ಲವೇ ಪರಸ್ಪರ ಸೋಂಕದೆ ಬೇರೆ ಇರುತ್ತವೆ ಎಂಬ ಅದರ ಗುಣವು ಉಪವರ್ಗೀಕರಣದ ತರ್ಕವನ್ನೇ ಶುದ್ಧ ರೂಪದಲ್ಲಿ ಕೊಡುತ್ತದೆ. ಬೇಕಾದುದು ಅದು ಹೇಳುವುದನ್ನೂ ಹೇಳದಿರುವುದನ್ನೂ ಬೇರೆ ಬೇರೆಯಾಗಿ ಇಡುವ ಶಿಸ್ತು. ದ್ರಾವಿಡ ಭಾಷೆಗಳ ಅಂತರವನ್ನು ಕುರಿತ ಅಧ್ಯಯನಗಳು ಕನಿಷ್ಠ ಮೂರನ್ನು ಪಾಲಿಸುವುದು ಒಳಿತು: ಪದಪದದ ಜ್ಞಾತಿನಿರ್ಣಯವನ್ನು ಎರವಲುಗಳ ಗುರುತಿನೊಡನೆ ಪ್ರಕಟಿಸುವುದು, ಮರವನ್ನು ಕಟ್ಟುವ ಮೊದಲು ಮೂರು ಬಿಂದುಗಳ ಮತ್ತು ನಾಲ್ಕು ಬಿಂದುಗಳ ನಿಯಮಗಳು ಎಲ್ಲಿ, ಎಷ್ಟು ಮುರಿದಿವೆ ಎಂದು ವರದಿ ಮಾಡುವುದು, ಕಾಲನಿರ್ಣಯಕ್ಕೆ ಆಧಾರವಾದ ಶಾಸನ ಮತ್ತು ಚಾರಿತ್ರಿಕ ಸಾಕ್ಷ್ಯಗಳನ್ನು ಮರದ ಫಲಿತಾಂಶದಿಂದ ಪ್ರತ್ಯೇಕವಾಗಿ ನಮೂದಿಸುವುದು. ಮೊದಲನೆಯದಿಲ್ಲದೆ ಎರಡನೆಯದರಲ್ಲಿ ಕಾಣುವ ಮುರಿತ ಆಕಸ್ಮಿಕವೋ ಅರ್ಥಪೂರ್ಣವೋ ಎಂದು ನಿರ್ಣಯಿಸುವುದು ಸಾಧ್ಯವಿಲ್ಲ. ನಮ್ಮ ಭಾಷೆಗಳ ಪಟ್ಟಿಗಳಲ್ಲಿ ಕೆಲಸ ಆರಂಭವಾಗಬೇಕಾದುದೂ ಅಲ್ಲಿಂದಲೇ.